ಸಹಿಗೊಂದು ಊಟದ ಡಬ್ಬಿ

ಸುಂಬರ್‌ಲಂಗಿತ್, ಪೂರ್ವ ಜಾವಾ
23 ಜುಲೈ 2017

ಪತ್ರ ಸಂಖ್ಯೆ: ಒಂದು
ಇವರಿಗೆ: ಕುಮಾರಿ ಲಾರಸ್, ಹೆಣ್ಣುಮಕ್ಕಳ ವಸತಿ ಮದ್ರಸಾ, ಜೊಂಬಾಂಗ್
ವಿಷಯ: ಗ್ರಾಮಸಭೆಯಲ್ಲಿ ನಮ್ಮ ಮನೆತನದ ಹಕ್ಕನ್ನು ಕಾಪಾಡಿದ ಬಗ್ಗೆ
ಅಡಕ: ಇಲ್ಲ. ತಿಂದಾಯಿತು.

ಮಾನ್ಯ ತಂಗಿಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತೆಗರ್ ಎಂಬ ನಾನು, ಇಪ್ಪತ್ತು ವರ್ಷ ವಯಸ್ಸಿನ, ತಾಂತ್ರಿಕ ಶಾಲೆ ಮುಗಿಸಿ ಹದಿಮೂರು ತಿಂಗಳಿಂದ ಮನೆಯ ಮುಂದಿನ ಬೆಂಚನ್ನು ಯಾರೂ ಕದಿಯದಂತೆ ಕಾಯುತ್ತಿರುವ ನಿನ್ನ ಅಣ್ಣನು, ನಿನ್ನೆ ಊರಿನ ಸಭಾಭವನದಲ್ಲಿ ಒಂದು ಮಹತ್ಕಾರ್ಯ ಮಾಡಿದ್ದೇನೆ. ನಿಮ್ಮಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಈ ವರದಿಯನ್ನು ಹಾಲಿನ ಲಾರಿಯ ಚಾಲಕರ ಕೈಯಲ್ಲಿ ಕಳಿಸಿದ್ದೇನೆ. ಪತ್ರಗಳನ್ನು ನಿನಗಿಂತ ಮೊದಲು ಓದುವ ನಿಮ್ಮ ಶಿಕ್ಷಕಿ ಉಸ್ತಾಜಾ ಅವರಿಗೂ ನನ್ನ ಸಲಾಂ.

ಗುಡ್ಡದ ಆಚೆ ಎರಡು ವರ್ಷದಿಂದ ಏಳುತ್ತಿರುವ ‘ದುನಿಯಾ ಕೆಲಿಪ್’ ಥೀಮ್ ಪಾರ್ಕಿನ ರಾಟೆತೊಟ್ಟಿಲ ತುದಿ ಈಗ ನಮ್ಮ ಹಿತ್ತಲಿನಿಂದಲೂ ಕಾಣುತ್ತದೆ. ಅವರ ಕಡೆಯ ಮೇಡಂ ಒಬ್ಬರು ಸಭೆ ಕರೆದಿದ್ದರು. ಊರಿನ ಹುಡುಗರಿಗೆ ಕೆಲಸ, ಅಂಗಡಿಯವರಿಗೆ ವ್ಯಾಪಾರ, ಬೀದಿಗೆ ದೀಪ ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಚಿತ್ರದಲ್ಲಿ ನಮ್ಮ ಬುಗ್ಗೆಯ ಕೊಳವೂ ಇತ್ತು. ನೀರು ಮಾತ್ರ ನಮ್ಮ ನೀರಿಗಿಂತ ಹೆಚ್ಚು ನೀಲಿ. “ಎಲ್ಲರಿಗೂ ಒಪ್ಪಿಗೆಯೇ?” ಎಂದರು. ಬಂದ ಅತಿಥಿಯ ಮುಖಕ್ಕೆ ಇಲ್ಲ ಎನ್ನುವವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲವಾದ್ದರಿಂದ ಇಡೀ ಸಭೆ ಹೂಂ ಹೂಂ ಎಂದು ತಲೆ ತೂಗಿತು. ನಿದ್ದೆಯಲ್ಲಿದ್ದವರೂ ತೂಗಿದರು.

ತರುವಾಯ ಊಟ. ಒಂದು ಸಹಿಗೆ ಒಂದು ಡಬ್ಬಿ. ಡಬ್ಬಿಯೊಳಗೆ ಅನ್ನ, ಕರಿದ ಕೋಳಿಕಾಲು, ಒಂದು ಮೊಟ್ಟೆ, ಬಾಳೆಹಣ್ಣು. ಆ ಹೊತ್ತಿಗೆ ನಮ್ಮ ತಂದೆಯವರಾದ ಪೋನಿಮಿನ್ ಅವರು ತಮ್ಮ ನಾಲ್ಕು ಪ್ಲಾಸ್ಟಿಕ್ ಕುದುರೆಗಳ ಒಡೊಂಗ್-ಒಡೊಂಗ್ ಗಾಡಿಯೊಂದಿಗೆ ಮಾರುಕಟ್ಟೆಯ ಕಡೆ ಸವಾರಿ ಹೊರಟಿದ್ದರು. ಪೆಡಲ್ ತುಳಿಯುವುದು ಅವರು, ಕುಣಿಯುವುದು ಕುದುರೆ, ನಗುವುದು ಮಕ್ಕಳು ಎಂಬ ಆ ಸಂಸ್ಥೆಯ ಕಾರ್ಯವೈಖರಿ ತಮಗೆ ತಿಳಿದೇ ಇದೆ. ತಾಯಿಯವರು ಕೊಳದ ಬಾಗಿಲಲ್ಲಿ ತಮ್ಮ ಪೆಚೆಲ್ ಅಂಗಡಿಯಲ್ಲಿ ಸೊಪ್ಪು ಬೇಯಿಸಿ, ಸೋಯಾಕಾಳಿನ ತೆಂಪೆ ಕರಿದು, ಕಡಲೆಕಾಯಿ ಚಟ್ನಿ ಅರೆಯುತ್ತಿದ್ದರು. ಇಬ್ಬರೂ ಗೈರುಹಾಜರು. ಹಾಗೆಂದು ಹಕ್ಕು ಬಿಡುವುದುಂಟೇ? ನನ್ನ ಸಹಿಯ ಕೆಳಗೆ ಅಪ್ಪನ ಸಹಿ ಹಾಕಿದೆ. ಅದರ ಕೆಳಗೆ ಅಮ್ಮನದು. ಕೈ ಓಡುತ್ತಿತ್ತು, ಅಜ್ಜನದನ್ನೂ ಹಾಕಿದೆ.

ಪಟ್ಟಿ ಹಿಡಿದಿದ್ದ ಪಾರ್ಕಿನ ಕಡೆಯ ಅಕ್ಕ ಕೇಳಿದರು, “ಇವರೆಲ್ಲಾ ಎಲ್ಲಿ?”

“ಅಪ್ಪ ಚಪ್ಪಲಿ ಹುಡುಕ್ತಾ ಇದಾರೆ. ಅಮ್ಮ ಹುಡುಕಿಕೊಡ್ತಾ ಇದಾರೆ.”

“ಈ ಕಾರ್ತೊದಿಮೆಜೊ?”

“ನಮ್ಮ ಅಜ್ಜ. ಎದ್ದು ಓಡಾಡಕ್ಕಾಗಲ್ಲ ಅಕ್ಕ, ಮಲಗೇ ಇರ್ತಾರೆ.”

ಈ ಕೊನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಹನ್ನೆರಡು ವರ್ಷದಿಂದ ಸ್ಮಶಾನದ ದೇವಕಣಗಿಲೆ ಮರದ ಕೆಳಗೆ ಮಲಗೇ ಇದ್ದಾರೆ. ಆ ಅಕ್ಕ ಪಾಪ, ಅಜ್ಜನಿಗೆಂದು ಮೆತ್ತಗಿನ ಬಾಳೆಹಣ್ಣು ಆರಿಸಿಕೊಟ್ಟರು.

ನಾಲ್ಕು ಡಬ್ಬಿ ಕಂಡು ಅಮ್ಮ ಅಂದಳು, “ನಾಲ್ಕೇನಾ? ನಿನ್ನ ತಂಗಿ ಹೆಸರಲ್ಲಿ ತರಕ್ಕೇನಾಗಿತ್ತೋ ಕತ್ತೆ?” ಅಪ್ಪ ತನ್ನ ಪಾಲಿನ ಕೋಳಿಕಾಲನ್ನು ಮೂಳೆ ಬೆಳ್ಳಗಾಗುವವರೆಗೆ ತಿಂದು, ಬೆರಳು ನೆಕ್ಕಿ, “ಒಳ್ಳೆ ಜನ ಕಣೋ ಅವರು” ಎಂದ.

ಸೂಕ್ತ ಕ್ರಮಕ್ಕಾಗಿ ಸಲ್ಲಿಸಲಾಗಿದೆ.

ತಮ್ಮ ವಿಧೇಯ,
ತೆಗರ್


ಜೊಂಬಾಂಗ್
6 ಆಗಸ್ಟ್ 2017

ಅಣ್ಣಾ,

ನಿನ್ನ ವರದಿ ತಲುಪಿತು. ಉಸ್ತಾಜಾ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, “ನಿಮ್ಮಣ್ಣನಿಗೆ ಸುಳ್ಳು ಹೇಳುವುದರ ಬಗ್ಗೆ ಒಂದು ಪುಟ ಬರೆದು ಕಳಿಸು” ಎಂದರು. ಆ ಒಂದು ಪುಟವನ್ನು ನಾನು ಬರೆಯಬೇಕಂತೆ! ತಿಂದವನು ನೀನು, ಬರೆಯುವವಳು ನಾನು. ಬರೆದಾಯಿತು, ಇದರ ಜೊತೆ ಇಟ್ಟಿದ್ದೇನೆ. ಅಜ್ಜನ ಮೊಟ್ಟೆ ಯಾರು ತಿಂದರು ಎಂದು ತಿಳಿಸು.

ಇಲ್ಲಿ ನನ್ನ ಪಕ್ಕದ ಹಾಸಿಗೆಯ ನಿಂಗ್ರುಮ್ ಒಂದು ಪ್ರಶ್ನೆ ಕೇಳಿದಳು. ಅವಳ ಊರು ಅಣೆಕಟ್ಟಿನ ನೀರಿಗೆ ಹೋಗಿದೆ. ನೀನು ಸಹಿ ಹಾಕಿದ ಆ ಹಾಳೆಯ ತಲೆಯ ಮೇಲೆ ಏನು ಬರೆದಿತ್ತು ಅಂತ. ನನಗೆ ಗೊತ್ತಿಲ್ಲ ಎಂದೆ. “ಕೇಳಿ ನೋಡು” ಎಂದಳು. ಅವಳು ಯಾವಾಗಲೂ ಹೀಗೆಯೇ, ಜಾತ್ರೆಗೆ ಕರೆದರೂ ಮಳೆ ಬಂದರೆ ಎನ್ನುವವಳು. ಆದರೂ ಕೇಳಿದ್ದೇನೆ.

ಅಪ್ಪನ ಮಂಡಿನೋವು ಹೇಗಿದೆ? ಭಾನುವಾರಗಳಲ್ಲಿ ಕೊಳಕ್ಕೆ ಜನ ಬರುತ್ತಿದ್ದಾರೆಯೇ?

ಇಂತಿ,
ಲಾರಸ್


ಸುಂಬರ್‌ಲಂಗಿತ್
24 ಸೆಪ್ಟೆಂಬರ್ 2017

ಪತ್ರ ಸಂಖ್ಯೆ: ಎರಡು
ವಿಷಯ: ಹಸುವಿನ ಹಿಂಭಾಗವಾಗಿ ನೇಮಕಗೊಂಡ ಬಗ್ಗೆ
ಉಲ್ಲೇಖ: ನಿನ್ನ ಆಗಸ್ಟ್ ತಿಂಗಳ ಅಧಿಕಪ್ರಸಂಗ

ಮಾನ್ಯರೇ,

ಬೆಂಚಿಗೆ ರಾಜೀನಾಮೆ ಕೊಟ್ಟಿದ್ದೇನೆ. ದುನಿಯಾ ಕೆಲಿಪ್‌ನವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ನಮ್ಮ ಬುಗ್ಗೆ ಬೀದಿಯಿಂದ ನಲವತ್ತು ಜನ ಅರ್ಜಿ ಹಾಕಿದ್ದೆವು, ಒಂಬತ್ತು ಜನರಿಗೆ ಸಿಕ್ಕಿತು. ಪಾರ್ಕಿನ ಲಾಂಛನ ಸಪಿತಾ ಎಂಬ ನೇರಳೆ ಬಣ್ಣದ ಹಸು. ಮೆರವಣಿಗೆಯಲ್ಲಿ ಕುಣಿಯುವ ಆ ಹಸುವಿನೊಳಗೆ ಇಬ್ಬರು ಇರುತ್ತಾರೆ. ಮುಂಭಾಗ, ಹಳದಿ ವ್ಯಾನ್ ಓಡಿಸುತ್ತಿದ್ದ ನಮ್ಮ ಬಾಗ್ಯೊ ಅಣ್ಣ. ಪಾರ್ಕಿನವರ ಉಚಿತ ಬಸ್ಸು ಬರುತ್ತದೆಂದು ಸುದ್ದಿಯಾದ ಕೂಡಲೇ ವ್ಯಾನಿನ ಮಾಲೀಕ ಗಾಡಿ ಮಾರಿಬಿಟ್ಟ. ಹಿಂಭಾಗ, ನಾನು. ಬಾಗ್ಯೊ ಅಣ್ಣನ ಸೊಂಟ ಹಿಡಿದು ಬಗ್ಗಿ ನಡೆಯುವುದು ನನ್ನ ಕರ್ತವ್ಯ. ಬಾಲ ಅಲ್ಲಾಡಿಸುವ ದಾರ ಮಾತ್ರ ಸಂಪೂರ್ಣವಾಗಿ ನನ್ನ ಅಧಿಕಾರ ವ್ಯಾಪ್ತಿಗೆ ಒಳಪಟ್ಟಿದೆ.

“ನೀನು ಹಿಂದೆ ಇದೀಯ ಅಂತ ಗೊತ್ತಾದ್ರೆ ಹಸೂನೂ ಓಡತ್ತೆ” ಎಂದಳು ಅಮ್ಮ. ಆದರೆ ನನ್ನ ಹೆಸರಿನಲ್ಲಿ ಬಂದ ಆರೋಗ್ಯ ಕಾರ್ಡಿನಿಂದ ಅವಳ ಕೊಳೆತ ದವಡೆಹಲ್ಲನ್ನು ಪುಕ್ಕಟೆ ಕಿತ್ತರು. ಆಸ್ಪತ್ರೆಯಿಂದ ಬಂದವಳು ಆ ಹಲ್ಲನ್ನು ಬೀದಿಗೆಲ್ಲಾ ತೋರಿಸಿ, “ನನ್ನ ಮಗನ ಕೆಲಸದಿಂದ ಬಂದಿದ್ದು” ಎಂದಳು. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು. ನಮ್ಮ ಬೀದಿಯ ಸುಮಿನಿ ಚಿಕ್ಕಮ್ಮನಿಗೆ ತಾಲೀಮಿನ ವೇಷಗಳನ್ನು ಒಗೆಯುವ ಗುತ್ತಿಗೆ ಸಿಕ್ಕಿದೆ. ಅವಳ ಹಗ್ಗದ ಮೇಲೆ ಈಗ ಬೆಳಿಗ್ಗೆ ಹೊತ್ತು ಮೂರು ಮೊಲ, ಒಂದು ಸಿಂಹದ ಚರ್ಮ ಒಣಗುತ್ತಿರುತ್ತವೆ. ಮೇಲಿನ ಬೀದಿಯಲ್ಲಿ ಮನೆಮನೆಗೂ ‘ಹೋಮ್‌ಸ್ಟೇ’ ಬೋರ್ಡು ಬಂದಿದೆ. ಒಬ್ಬರು ಆಡಿನ ದೊಡ್ಡಿಗೂ ಸುಣ್ಣ ಬಳಿದು ಹಾಸಿಗೆ ಹಾಕಿದ್ದಾರೆ. ಆಡು ಹೊರಗಿನಿಂದ ಕಿಟಕಿಯೊಳಗೆ ನೋಡುತ್ತಾ ನಿಂತಿರುತ್ತದೆ.

ಅಪ್ಪ ಏನಂದ ಎಂದು ಕೇಳುತ್ತೀಯ. “ಹಿಂಭಾಗ ಆದ್ರೇನು, ಹಾಲು ಕೊಡೋದು ಆ ಕಡೆಯಿಂದ್ಲೇ ತಾನೆ” ಎಂದ.

ಹಾಳೆಯ ತಲೆಯ ಮೇಲೆ ಏನಿತ್ತು ಎಂಬ ತಮ್ಮ ಪ್ರಶ್ನೆಗೆ ಉತ್ತರ: ಗೆರೆಗಳಿದ್ದವು, ಸಂಖ್ಯೆಗಳಿದ್ದವು, ಒಂದು ಚಹಾ ಲೋಟವಿತ್ತು. ನಿಂಗ್ರುಮ್‌ಗೆ ನಮಸ್ಕಾರ ತಿಳಿಸುವುದು.

ತಮ್ಮ ವಿಶ್ವಾಸಿ,
ತೆಗರ್
(ಹಿಂಭಾಗ)


ಸುಂಬರ್‌ಲಂಗಿತ್
12 ನವೆಂಬರ್ 2017

ಪತ್ರ ಸಂಖ್ಯೆ: ಮೂರು
ವಿಷಯ: ತಿಳಿಯುತ್ತಿಲ್ಲ

ಲಾರಸ್,

ಪಾರ್ಕು ಶುರುವಾಗಿ ನಾಲ್ಕು ವಾರವಾಯಿತು. ಮೊದಲ ದಿನ ಜನ ಎಷ್ಟು ಬಂದರೆಂದರೆ ಹಸು ಹೆಜ್ಜೆ ಕಿತ್ತಿಡಲು ಜಾಗವಿರಲಿಲ್ಲ. ನಮ್ಮ ಬೀದಿಯವರು ಎರಡು ದಿನ ಮೊದಲೇ ಸಾಮಾನು ತುಂಬಿಸಿಕೊಂಡು ಕಾದಿದ್ದರು. ಅಮ್ಮ ಮೂರು ಬುಟ್ಟಿ ಸೊಪ್ಪು ಹೆಚ್ಚಿಟ್ಟಿದ್ದಳು. ಅಪ್ಪ ಕುದುರೆಗಳಿಗೆ ಹೊಸ ಬಣ್ಣ ಹೊಡೆದು, ಕಣ್ಣಿಗೆ ರೆಪ್ಪೆ ಬರೆದಿದ್ದ.

ಒಬ್ಬರೂ ಬರಲಿಲ್ಲ.

ಒಬ್ಬರೂ ಎಂದರೆ ನಿಜವಾಗಿ ಒಬ್ಬರೂ. ಬಸ್ಸುಗಳು ಗುಡ್ಡದ ಹಿಂದಿನ ಹೊಸ ರಸ್ತೆಯಲ್ಲಿ ಬರುತ್ತವೆ, ಪಾರ್ಕಿನ ಒಳಗೇ ನಿಲ್ಲುತ್ತವೆ, ಅಲ್ಲಿಂದಲೇ ಹೊರಟುಹೋಗುತ್ತವೆ. ತಿನ್ನುವುದು, ಮಲಗುವುದು, ಅಜ್ಜಿಗೆ ಉಡುಗೊರೆ ಕೊಳ್ಳುವುದು ಎಲ್ಲಾ ಒಳಗೇ. ನಮ್ಮ ಬೀದಿಗೆ ಅವರ ಹಾಡು ಮಾತ್ರ ಕೇಳುತ್ತದೆ.

ಮೂರನೆಯ ದಿನ ಅಮ್ಮ ಒಂದು ಉಪಾಯ ಮಾಡಿದಳು. ಬಾಳೆಯೆಲೆಯಲ್ಲಿ ಪೆಚೆಲ್ ಕಟ್ಟಿ, ಹೊಸ ರಸ್ತೆಯ ತಿರುವಿನಲ್ಲಿ ನಿಂತು ಬಸ್ಸಿನ ಕಿಟಕಿಗಳಿಗೆ ಮಾರಿದಳು. ನಲವತ್ತು ಪೊಟ್ಟಣ ಹೋದವು. ಮನೆಗೆ ಬಂದು ಕುಣಿದಾಡಿದಳು. ಮರುದಿನವೂ ಹೋದಳು. ನಾನು ಹಸುವಿನೊಳಗಿದ್ದೆ. ನನ್ನ ಕಡೆ ಹೊಲಿಗೆ ಬಿಟ್ಟಿರುವ ಒಂದು ತೂತಿದೆ, ಗಾಳಿಗೆಂದು ನಾನೇ ದೊಡ್ಡದು ಮಾಡಿಕೊಂಡಿದ್ದು. ಅದರಿಂದ ಮುಖ್ಯದ್ವಾರ ಕಾಣುತ್ತಿತ್ತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಕಾವಲಿನವರು ಚೀಲ ಬಿಚ್ಚಿಸಿ ಒಂದೊಂದೇ ಪೊಟ್ಟಣ ತೆಗೆದು ನೀಲಿ ಡ್ರಮ್ಮಿಗೆ ಎಸೆಯುತ್ತಿದ್ದರು. ಎಲೆಯ ತುದಿಯನ್ನು ಎರಡು ಸಲ ಮಡಿಸಿ ಬಿದಿರುಕಡ್ಡಿ ಚುಚ್ಚುವುದು ನಮ್ಮ ಅಮ್ಮ ಒಬ್ಬಳೇ. ನಾನು ಎಣಿಸುತ್ತಾ ನಿಂತುಬಿಟ್ಟೆ.

“ಏಯ್ ಹಿಂದೆ! ನಡಿಯೋ! ಏನು ಬೇರು ಬಿಟ್ಯಾ?” ಎಂದು ಬಾಗ್ಯೊ ಅಣ್ಣ ಒದ್ದ. ಹೊರಗೆ ಮಕ್ಕಳು ಚಪ್ಪಾಳೆ ತಟ್ಟಿದರು, ಹಸು ತನ್ನನ್ನೇ ಒದ್ದುಕೊಂಡಿತೆಂದು.

ಅಮ್ಮನಿಗೆ ಹೇಳಲಿಲ್ಲ.

ಕಳೆದ ಸೋಮವಾರ ಅದಕ್ಕಿಂತ ದೊಡ್ಡದಾಯಿತು. ಬೆಳಿಗ್ಗೆ ಎದ್ದರೆ ಬುಗ್ಗೆಯ ಕೊಳಕ್ಕೆ ಕಬ್ಬಿಣದ ಬೇಲಿ. ಭಾನುವಾರದ ಜನಕ್ಕೆಂದು ಇದ್ದ ಬಾಗಿಲಿಗೆ ಬೀಗ. ಕೊಳ ಇನ್ನು ಪಾರ್ಕಿನ ನೀರಿನ ಜಾರುಬಂಡೆಗೆ ಸೇರಿತಂತೆ. ಅಪ್ಪ ಗಾಡಿ ನಿಲ್ಲಿಸುತ್ತಿದ್ದ ಜಾಗ ಬೇಲಿಯ ಒಳಗಿದೆ, ಅಮ್ಮ ಅಂಗಡಿ ಹಾಕುತ್ತಿದ್ದ ಕಲ್ಲು ಕೂಡ. ಊರಿನ ನೀರು, ಊರಿನ ನೆಲ, ಯಾರನ್ನು ಕೇಳಿ ಕೊಟ್ಟಿರಿ ಎಂದು ಜನ ಗ್ರಾಮದ ಮುಖ್ಯಸ್ಥ ಸುರೊತೊ ಅವರ ಮನೆಗೆ ಹೋದರು. “ನಿಮ್ಮನ್ನೇ ಕೇಳಿ” ಎಂದರಂತೆ ಅವರು.

ಅಪ್ಪ ಬೇಲಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ ಗಾಡಿ ತಿರುಗಿಸಿಕೊಂಡು ಬಂದ. ಮಂಡಿನೋವು ಹಾಗೆಯೇ ಇದೆ.

ತೆಗರ್


ಜೊಂಬಾಂಗ್
20 ನವೆಂಬರ್ 2017

ಅಣ್ಣಾ,

ನಿನ್ನ ಪತ್ರ ಕೊಡುವಾಗ ಉಸ್ತಾಜಾ ನಗಲಿಲ್ಲ.

ನಿಮ್ಮನ್ನೇ ಕೇಳಿ ಎಂದರೆ ಏನರ್ಥ? ಯಾವಾಗ ಕೇಳಿದರು? ನಾನು ನಿಂಗ್ರುಮ್‌ಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ನನ್ನ ಬಟ್ಟೆಯನ್ನೂ ಒಗೆದು ಹಾಕಿದಳು. ಅವಳು ಹಾಗೆ ಮಾಡಿದವಳಲ್ಲ, ನನಗೆ ಹೆದರಿಕೆಯಾಗುತ್ತಿದೆ.

ಹಾಳೆಯ ತಲೆಯ ಮೇಲೆ ಚಹಾ ಲೋಟ ಇತ್ತು ಎಂದು ಬರೆದಿದ್ದೀಯ. ಲೋಟದ ಕೆಳಗೆ ಏನಿತ್ತು?

ವಿಷಯ, ಉಲ್ಲೇಖ ಏನೂ ಬೇಡ. ಸುಮ್ಮನೆ ಬರಿ.

ಲಾರಸ್


ಸುಂಬರ್‌ಲಂಗಿತ್
3 ಡಿಸೆಂಬರ್ 2017

ಲಾರಸ್,

ಬರೆಯುತ್ತೇನೆ. ಹೇಗೆ ಶುರು ಮಾಡುವುದೆಂದು ನಾಲ್ಕು ಹಾಳೆ ಹರಿದಿದ್ದೇನೆ.

ಗುರುವಾರ ಸಭಾಭವನದಲ್ಲಿ ಊರೆಲ್ಲಾ ಸೇರಿತ್ತು. ತಾಲ್ಲೂಕು ಅಧಿಕಾರಿ ಬಂದಿದ್ದರು, ಸುರೊತೊ ಇದ್ದರು, ಪಾರ್ಕಿನ ಕಡೆಯಿಂದ ಒಬ್ಬ ವಕೀಲ ಬಂದಿದ್ದ. ಜನರ ಪರವಾಗಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಬಾಗ್ಯೊ ಅಣ್ಣ. ಅವನ ಹೆಂಡತಿಯ ಕಾಫಿ ಅಂಗಡಿಯೂ ಬೇಲಿಗೆ ಹೋಗಿದೆ. ಪಾರ್ಕಿನಲ್ಲೇ ಕೆಲಸ ಮಾಡುತ್ತಾ ಹೇಗೆ ಕೂಗುತ್ತೀಯ ಎಂದರೆ, “ಅಲ್ಲಿ ನನ್ನ ಮುಖ ನೋಡಿರೋರು ಯಾರಿದಾರೆ? ಕಂಡಿರೋದು ಹಸು ಮುಖ” ಎನ್ನುತ್ತಾನೆ.

ವಕೀಲ ಒಂದು ಪಟ್ಟಿ ತೆಗೆದ. “ಕೊಳದ ಜಾಗ ಬಿಟ್ಟುಕೊಡೋದಕ್ಕೆ ಊರಿನ ನೂರ ಹದಿನೆಂಟು ಜನ ಸಹಿ ಹಾಕಿ ಒಪ್ಪಿದ್ದಾರೆ” ಎಂದ. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾವ ಸಹಿ? ಆಗ ಅವನು ಜುಲೈ ತಿಂಗಳ ಆ ಸಭೆಯ ದಿನಾಂಕ ಹೇಳಿದ. ಊಟದ ಡಬ್ಬಿಯ ಪಟ್ಟಿ, ಲಾರಸ್. ಅದೇ ಪಟ್ಟಿ.

ಅವನು ಹೆಸರುಗಳನ್ನು ಓದತೊಡಗಿದ. ಒಂದೊಂದು ಹೆಸರಾದ ಮೇಲೂ “ಒಪ್ಪಿದ್ದಾರೆ” ಎನ್ನುತ್ತಿದ್ದ. ನಾನು ಕಂಬದ ಪಕ್ಕ ನಿಂತಿದ್ದೆ. ನಲವತ್ತನೆಯದು ನನ್ನದು.

“ನಲವತ್ತೊಂದು, ಪೋನಿಮಿನ್. ಒಪ್ಪಿದ್ದಾರೆ.”

ಅಪ್ಪ ಕೂತಲ್ಲಿಂದ ತಲೆಯೆತ್ತಿದ. “ನಾನಾ? ನಾನು ಬಂದೇ ಇರಲಿಲ್ವಲ್ಲ ಸ್ವಾಮಿ.”

“ನಲವತ್ತೆರಡು, ಸರ್ತಿ. ಒಪ್ಪಿದ್ದಾರೆ.”

“ಅಯ್ಯೋ, ನಾನು ಆವತ್ತು ತೆಂಪೆ ಕರೀತಾ ಇದ್ದೆ!” ಎಂದಳು ಅಮ್ಮ. ಆಮೇಲೆ ಅವಳ ಕೈ ಬಾಯಿಗೆ ಹೋಯಿತು. ಅವಳಿಗೆ ನೆನಪಾಯಿತು. ನನ್ನ ಕಡೆ ನೋಡಲಿಲ್ಲ.

“ನಲವತ್ಮೂರು, ಕಾರ್ತೊದಿಮೆಜೊ. ಒಪ್ಪಿದ್ದಾರೆ.”

ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜನ ಗೋರಿ ಅಗೆದವರು ಅಲ್ಲೇ ಮೂವರು ಕೂತಿದ್ದರು. ಬಾಗ್ಯೊ ಅಣ್ಣ ಬೆಂಚಿನ ಮೇಲೆ ಹತ್ತಿ ನಿಂತ. “ಸತ್ತೋರು ಒಪ್ಪಿದಾರಂತೆ! ಕೇಳಿಸ್ಕೊಂಡ್ರಾ? ಪಟ್ಟೀನೇ ಸುಳ್ಳು! ಯಾರು ಬರೆದಿದ್ದು ಇದನ್ನ? ಬರೆದೋನು ಎದ್ದು ನಿಂತು ಒಂದು ಮಾತು ಹೇಳ್ಲಿ, ಈ ಬೇಲಿ ಇವತ್ತೇ ಕಿತ್ತು ಬಿಸಾಕ್ತೀವಿ!”

ವಕೀಲ ನಿಧಾನವಾಗಿ ಹೇಳಿದ, “ಹೇಳಲಿ. ಬೇರೆಯವರ ಸಹಿ ಹಾಕಿದವರಿಗೆ ಜೈಲು. ಇಲ್ಲಿಂದ ನೇರ ಠಾಣೆಗೇ ಹೋಗಬಹುದು.” ಪಟ್ಟಿಯನ್ನು ತಂದು ಅಪ್ಪನ ಮುಂದೆ ಹಿಡಿದ. “ನೋಡಿ. ಇದು ನಿಮ್ಮ ಕೈಯಲ್ಲವೋ?”

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡ. ಇಡೀ ಊರು ಕಾಯುತ್ತಿತ್ತು. ನನ್ನ ಅಕ್ಷರವನ್ನು ಅವನು ನೋಡಿದ್ದಾನೆ. ಗಾಡಿಯ ಹಲಗೆಯ ಮೇಲೆ ‘ಪೋನಿಮಿನ್’ ಎಂದು ಬರೆದುಕೊಟ್ಟವನೇ ನಾನು, ಮೊದಲಕ್ಷರಕ್ಕೆ ಬಾಲ ಬಿಟ್ಟು. ನಾನು ಬಾಯಿ ತೆರೆದೆ, ನಿಜವಾಗಿಯೂ ತೆರೆದೆ. ಏನೂ ಹೊರಡಲಿಲ್ಲ.

ಅಪ್ಪ ಹಾಳೆಯನ್ನು ವಾಪಸು ಕೊಟ್ಟ. “ಮರೆತಿದ್ದೆ ಸ್ವಾಮಿ. ನಂದೇ.”

“ಸರ್ತಿ ಅವರದು?”

“ನಂದೂ ನಂದೇ” ಎಂದಳು ಅಮ್ಮ, ನೆಲ ನೋಡುತ್ತಾ.

“ಈ ಮೂರನೆಯದು?”

“ಅದನ್ನೂ ನಾನೇ ಹಾಕಿದ್ದು. ಅಪ್ಪನ ಹೆಸರಲ್ಲಿ ಒಂದು ಡಬ್ಬಿ ಜಾಸ್ತಿ ಸಿಗಲಿ ಅಂತ.”

ವಕೀಲ ನಕ್ಕು ಒಂದು ಹೆಸರಿನ ಮೇಲೆ ಗೆರೆ ಎಳೆದ. “ನೂರ ಹದಿನೇಳು” ಎಂದ. ಬಾಗ್ಯೊ ಅಣ್ಣ ಬೆಂಚಿನಿಂದ ಇಳಿದು ಬಂದು ಅಪ್ಪನ ಮುಂದೆ ನಿಂತ. “ಒಂದು ಕೋಳಿಕಾಲಿಗೆ ನಮ್ಮ ನೀರು ಮಾರಿದ್ಯಲ್ಲೋ ಪೋನಿಮಿನ್. ಸತ್ತ ಅಪ್ಪನ್ನೂ ಬಿಡ್ಲಿಲ್ವಲ್ಲೋ.” ಅಪ್ಪ ಹೂಂ ಎಂದ.

ನೀನು ಕೇಳಿದೆಯಲ್ಲ, ಲೋಟದ ಕೆಳಗೆ ಏನಿತ್ತು ಅಂತ. ನಾನು ಆವತ್ತು ಲೋಟ ಎತ್ತಿ ನೋಡಿದ್ದೆ. ‘ಹಾಜರಿ ಮತ್ತು ಸಮ್ಮತಿ’ ಎಂದಿತ್ತು. ಸಮ್ಮತಿ ಎಂದರೆ ಊಟಕ್ಕೆ ಎಂದು ನನ್ನಷ್ಟಕ್ಕೆ ಒಂದು ತಮಾಷೆ ಮಾಡಿಕೊಂಡು ಲೋಟವನ್ನು ಮತ್ತೆ ಅಲ್ಲೇ ಇಟ್ಟೆ.

ಹಸುವಿನ ಮುಂಭಾಗ ಈಗ ಹಿಂಭಾಗದೊಡನೆ ಮಾತು ಬಿಟ್ಟಿದೆ. ನಾನು ಅವನ ಸೊಂಟ ಹಿಡಿದುಕೊಂಡೇ ನಡೆಯುತ್ತೇನೆ. ದಿನಕ್ಕೆ ಮೂರು ಮೆರವಣಿಗೆ.

ತೆಗರ್


ಜೊಂಬಾಂಗ್
10 ಡಿಸೆಂಬರ್ 2017

ಅಣ್ಣಾ,

ನಿನ್ನೆ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಏನೂ ಆಗಿಲ್ಲವೆಂಬಂತೆ ಹಪ್ಪಳ ತಂದುಕೊಟ್ಟರು. ಭೇಟಿಯ ಚಪ್ಪರದಲ್ಲಿ ಸುಮಿನಿ ಚಿಕ್ಕಮ್ಮನೂ ಇದ್ದರು, ಮಗಳನ್ನು ನೋಡಲು ಬಂದವರು. ಅಪ್ಪ ಬೆಂಚಿನ ತುದಿಯಲ್ಲಿ ಕೂತು, “ಏನ್ ಸುಮಿನಿ, ಬಸ್ಸಲ್ಲಿ ಜಾಗ ಸಿಕ್ತಾ?” ಎಂದರು. ಚಿಕ್ಕಮ್ಮ ಎದ್ದರು, ತಮ್ಮ ಚಾಪೆ ಸುತ್ತಿಕೊಂಡರು, ಬಿಸಿಲಿಗೆ ಹೋಗಿ ಕೂತರು. “ಅವಳಿಗೆ ಈಚೆಗೆ ಕಿವಿ ಕೇಳಲ್ಲ” ಎಂದು ಅಪ್ಪ ನಕ್ಕರು.

ಹೊರಡುವಾಗ ಅವರು ಹೇಳಿದ್ದು ಒಂದೇ: “ನಿಮ್ಮಣ್ಣ ಸರಿಯಾಗಿ ಉಣ್ಣುತ್ತಿಲ್ಲ, ಒಂದು ಕಾಗದ ಬರಿ.”

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೊದಲನೆಯ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಯಾರಿಗೂ ಕೊಡುವುದಿಲ್ಲ. ಹರಿಯುವುದೂ ಇಲ್ಲ.

ಊಟ ಮಾಡು.

ಲಾರಸ್


ಸುಂಬರ್‌ಲಂಗಿತ್
24 ಡಿಸೆಂಬರ್ 2017

ಲಾರಸ್,

ಹೇಳಿಬಿಟ್ಟೆ.

ಶುಕ್ರವಾರ ನಮಾಜು ಮುಗಿದ ಮೇಲೆ ಕೊನೆಯ ಸಭೆ ಇತ್ತು. ತಾಲ್ಲೂಕು ಅಧಿಕಾರಿ ಕಡತ ಮುಚ್ಚಿ ಮುದ್ರೆ ಒತ್ತಲು ಬಂದಿದ್ದರು. ಅಪ್ಪ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ಕೂತಿದ್ದ. ಒಳಗೆ ಅವನಿಗೆ ಯಾರೂ ಜಾಗ ಬಿಟ್ಟುಕೊಡಲಿಲ್ಲ. ಅದನ್ನು ನೋಡಿ ನನಗೆ ಕಾಲು ತಾನಾಗಿಯೇ ನಡೆಯಿತು. ಎದುರಿಗೆ ಹೋಗಿ ನಿಂತೆ. ನಡು ಬಗ್ಗಿಸಿ ನಡೆದು ನಡೆದು ನೆಟ್ಟಗೆ ನಿಲ್ಲುವುದೇ ಕಷ್ಟವಾಗಿತ್ತು.

“ನಲವತ್ತೊಂದು, ನಲವತ್ತೆರಡು, ನಲವತ್ಮೂರು ನಾನು ಹಾಕಿದ್ದು. ನಮ್ಮಪ್ಪ ಸುಳ್ಳು ಹೇಳಿದಾರೆ” ಎಂದೆ. ಹೀಗೆ ಹೇಳುವಾಗ ನನ್ನ ಧ್ವನಿ ಎಂಟು ವರ್ಷದವನ ಧ್ವನಿಯಂತೆ ಕೇಳಿಸಿತು.

ವಕೀಲ ಬರೆದುಕೊಳ್ಳಲು ಪೆನ್ನು ತೆಗೆದ. “ಇದರ ಪರಿಣಾಮ ಗೊತ್ತೇನಪ್ಪಾ?”

“ಗೊತ್ತು.”

ಅಧಿಕಾರಿ ಸಭೆಯ ಕಡೆ ನೋಡಿದರು. ಬೀದಿಯವರು ನನ್ನ ಮೇಲೆ ಬೀಳುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಯಾರೂ ಬೀಳಲಿಲ್ಲ, ಯಾರೂ ಬೈಯಲಿಲ್ಲ. ಕಣ್ಣು ತೆರೆದರೆ ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡುತ್ತಿದ್ದಾರೆ.

ಆಗ ಬಾಗ್ಯೊ ಅಣ್ಣ ಎದ್ದ. ಮುಖ ಬೂದಿಯಾಗಿತ್ತು. “ಅರವತ್ತೇಳು, ಅರವತ್ತೆಂಟು ನಂದು” ಎಂದ. “ಇಬ್ಬರು ಭಾವಮೈದುನರು. ಸುರಬಾಯಾದಲ್ಲಿರೋದು. ಆವತ್ತು ಬಂದಿರ್ಲಿಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸುಮಿನಿ ಚಿಕ್ಕಮ್ಮ ಅಳುತ್ತಾ ಎದ್ದಳು. “ಹನ್ನೆರಡು ನಂದು. ನನ್ನ ಮಗ ಮಲೇಷ್ಯಾಕ್ಕೆ ಹೋಗಿ ಮೂರು ವರ್ಷ ಆಯ್ತು.” ಮೂಲೆಯಿಂದ ಒಬ್ಬ ಮುದುಕ, “ಎಪ್ಪತ್ತು ನನ್ನ ಹೆಂಡ್ತಿದು. ಅವಳು ಆಸ್ಪತ್ರೇಲಿದ್ಲು, ಕೋಳಿ ಅಂದ್ರೆ ಆಸೆ.” ಆಮೇಲೆ ಕಟ್ಟೆ ಒಡೆದಂತೆ. ಅತ್ತೆ, ನಾದಿನಿ, ಹುಟ್ಟಲಿದ್ದ ಮೊಮ್ಮಗ. ಹೌದು, ಒಬ್ಬಳು ಹುಟ್ಟದ ಮೊಮ್ಮಗನಿಗೂ ಹೆಸರಿಟ್ಟು ಒಂದು ಡಬ್ಬಿ ತಂದಿದ್ದಳು. ಅಧಿಕಾರಿ ಗೆರೆ ಹೊಡೆದು ಹೊಡೆದು ಪೆನ್ನು ಕೆಳಗಿಟ್ಟರು. ಕೊನೆಗೆ ಉಳಿದದ್ದು ಐವತ್ತೆರಡು. “ಈ ಪಟ್ಟಿ ಇಟ್ಟುಕೊಂಡು ನಾನು ಯಾವುದಕ್ಕೂ ಮುದ್ರೆ ಒತ್ತಲಾರೆ” ಎಂದರು. ಎಲ್ಲರನ್ನೂ ಮತ್ತೆ ಕೇಳುವವರೆಗೆ ಬೇಲಿಯ ಬಾಗಿಲು ತೆರೆದಿರಬೇಕಂತೆ. ವಕೀಲ ಇಡೀ ಬೀದಿಯನ್ನು ಯಾವ ಜೈಲಿಗೆ ಹಾಕಿಯಾನು? ಚೀಲ ಮುಚ್ಚಿಕೊಂಡು ಹೋದ.

ಜನ ಕುಣಿಯಬೇಕಿತ್ತು. ಯಾರೂ ಕುಣಿಯಲಿಲ್ಲ. ನಾನೂ ನಿಂತಲ್ಲೇ ನಿಂತಿದ್ದೆ. ಆ ಮೂರು ವಾರ, ಲಾರಸ್! ಅಪ್ಪನಿಗೆ ನೀರು ಕೊಡದವರು, ಅವನ ಗಾಡಿ ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಂಡವರು, ಎಲ್ಲರಿಗೂ ತಮ್ಮ ತಮ್ಮ ಡಬ್ಬಿ ಗೊತ್ತಿತ್ತು. ಅವನೊಬ್ಬ ಹೊತ್ತುಕೊಂಡನಲ್ಲ, ಸದ್ಯ ನಾವಲ್ಲ ಎಂದುಕೊಂಡರು. ಅವರನ್ನು ಬೈಯೋಣವೆಂದು ಬಾಯಿ ತೆರೆದರೆ ನನ್ನ ಹೆಸರೇ ಮೊದಲು ಬರುತ್ತದೆ.

ಹೊರಗೆ ಬಂದಾಗ ಅಪ್ಪ ಇರಲಿಲ್ಲ. ಅವನ ಚಪ್ಪಲಿಯೂ ಇರಲಿಲ್ಲ.

ಪಾರ್ಕಿನವರು ನನ್ನನ್ನು ತೆಗೆದುಹಾಕಿದರು. ಹಸುವಿನ ಹಿಂಭಾಗಕ್ಕೆ ದಿಂಬು ತುಂಬಿದ್ದಾರಂತೆ. ಆರೋಗ್ಯ ಕಾರ್ಡನ್ನೂ ವಾಪಸು ಕೊಟ್ಟೆ.

ನಿನ್ನ ಅಣ್ಣ,
ತೆಗರ್


ಸುಂಬರ್‌ಲಂಗಿತ್
7 ಜನವರಿ 2018

ಲಾರಸ್ ಮಗಳಿಗೆ ಅಪ್ಪ ಮಾಡುವ ಆಶೀರ್ವಾದ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಿಮ್ಮಮ್ಮ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿದ್ದಾಳೆ. ನಿನ್ನ ಅಣ್ಣನ ಮೇಲೆ ಕೋಪ ಇದೆಯಾ ಎಂದು ಕೇಳಿದ್ದೀಯ. ಇದೆ. ಅದು ನನಗೂ ಅವನಿಗೂ ಬಿಟ್ಟದ್ದು. ನೀನು ಓದು.

ಬೇಲಿಯ ಬಾಗಿಲು ತೆರೆದಿದ್ದಾರೆ. ಬೀಗ ಅಲ್ಲೇ ನೇತಾಡುತ್ತಿದೆ. ಬಸ್ಸುಗಳು ಹಿಂದಿನಿಂದಲೇ ಬಂದು ಹೋಗುತ್ತವೆ. ಅಮ್ಮ ಮುಂಚಿನ ಅರ್ಧದಷ್ಟು ಸೊಪ್ಪು ತರುತ್ತಾಳೆ, ಅದರಲ್ಲೂ ಉಳಿಯುತ್ತದೆ. ಮುಂದಿನ ತಿಂಗಳು ಮತ್ತೆ ಸಹಿ ಕೇಳುತ್ತಾರಂತೆ. ಈ ಸಲ ಊಟ ಇಲ್ಲ ಎಂದು ಸುರೊತೊ ಹೇಳಿದರು.

ಒಂದು ವಿಚಿತ್ರ ಹೇಳುತ್ತೇನೆ. ಇವತ್ತು ಭಾನುವಾರ. ಗಾಡಿ ತೆಗೆದುಕೊಂಡು ಕೊಳದ ಬಾಗಿಲಿಗೆ ಹೋದೆ. ಯಾರೂ ಬರಲಾರರು, ಸುಮ್ಮನೆ ಕೂತಿರೋಣ ಎಂದುಕೊಂಡಿದ್ದೆ. ಸುಮಿನಿ ಬಂದಳು, ತನ್ನ ತಮ್ಮನ ಮಗುವನ್ನು ಕುದುರೆಯ ಮೇಲೆ ಕೂರಿಸಿದಳು, ಆಕಾಶ ನೋಡುತ್ತಾ ನಿಂತಳು. ಹಾಡು ಮುಗಿದ ಮೇಲೆ ಕರೆದುಕೊಂಡು ಹೋದಳು. ಆಮೇಲೆ ಇನ್ನೊಬ್ಬರು. ಸಂಜೆಯವರೆಗೂ ಹೀಗೆಯೇ. ನಡೆಯಲು ಬಾರದ ಕೂಸನ್ನೂ ಹಿಡಿದುಕೊಂಡು ಕೂರಿಸಿದರು.

ಕೊನೆಗೆ ಬಾಗ್ಯೊ ಬಂದ. ಅವನಿಗೆ ಮಕ್ಕಳಿಲ್ಲವಲ್ಲ. ಲುಂಗಿ ಎತ್ತಿಕೊಂಡು ತಾನೇ ನೀಲಿ ಕುದುರೆಯ ಮೇಲೆ ಕೂತ. ಅಷ್ಟು ದೊಡ್ಡ ಆಳು, ಮಂಡಿ ಎದೆಗೆ ತಾಗುತ್ತಿತ್ತು. ನಗಬೇಕೋ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಹಾಡು ಹಾಕಿದೆ. ಬಹಳ ಭಾರ ಇದ್ದ. ತುಳಿದೆ.

ಅವನ ಭಾರಕ್ಕೆ ಕುದುರೆಯ ಕಾಲು ಸೀಳಿಹೋಗಿದೆ. ನಿನ್ನ ಅಣ್ಣನಿಗೆ ಕಟ್ಟಲು ತಂತಿ ತಾ ಎಂದೆ. ತರಲು ಹೋಗಿದ್ದಾನೆ.

ಅಪ್ಪ